ಡಿಫರೆನ್ಷಿಯಲ್ ಪ್ಲಗ್‌ನ ಮೂಲೆ ಸವೆದಿದೆಯೇ? ಹೌಸಿಂಗ್ ಹಾಳಾಗದಂತೆ ಬಿಚ್ಚುವುದು ಹೀಗೆ

ಅಂಬಾಸಿಡರ್, ಪದ್ಮಿನಿ, ಹಳೇ ಜೀಪು, ಲ್ಯಾಂಡ್ ರೋವರ್ ಇಟ್ಟುಕೊಂಡವರು ಎಂಜಿನ್ ಆಯಿಲ್ ಬದಲಿಸುವುದನ್ನು ಮರೆಯುವುದಿಲ್ಲ. ಎಂಜಿನ್‌ನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರ್ ಜೋಡಣೆ, ಅಂದರೆ ಹಿಂದಿನ ಡಿಫರೆನ್ಷಿಯಲ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಅದು ಗುಂಯ್‌ಗುಡಲು ಶುರು ಮಾಡಿದ ಮೇಲೆ ಗಾಡಿಯ ಕೆಳಗೆ ಇಣುಕುತ್ತೇವೆ. ಅಷ್ಟರಲ್ಲಿ ಅದರ ಆಯಿಲ್ ತೂತನ್ನು ಮುಚ್ಚುವ ಪ್ಲಗ್ ತುಕ್ಕು ಹಿಡಿದು, ಹೊರಕವಚವಾದ ಹೌಸಿಂಗ್‌ಗೆ ಕಚ್ಚಿಕೊಂಡಿರುತ್ತದೆ. ಸಾಲದ್ದಕ್ಕೆ, ಹಿಂದೆ ಯಾರೋ ಸರಿಯಾದ ಸ್ಪ್ಯಾನರ್ ಇಲ್ಲದೆ ಎಳೆದಾಡಿ ಅದರ ಮೂಲೆಗಳನ್ನೆಲ್ಲ ಉರುಟು ಮಾಡಿಟ್ಟಿರುತ್ತಾರೆ.

ಇಂಥ ಪ್ಲಗ್ಗನ್ನು ಮನೆಯಲ್ಲೇ ಬಿಚ್ಚಬಹುದು. ಆದರೆ ಒಂದು ಮಾತು ಮನಸ್ಸಿನಲ್ಲಿರಲಿ. ಪ್ಲಗ್ ಹೋದರೆ ಹೋಗಲಿ, ಹೌಸಿಂಗ್ ಉಳಿಯಬೇಕು. ಪ್ಲಗ್ ಹೊಸದು ಸಿಗುತ್ತದೆ, ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಬಹುದು. ಹೌಸಿಂಗ್‌ನ ಥ್ರೆಡ್ ಹೋದರೆ, ಇಲ್ಲವೇ ಅದೇ ಬಿರುಕು ಬಿಟ್ಟರೆ, ಕೆಲಸ ಹತ್ತು ಪಟ್ಟಾಗುತ್ತದೆ. ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ. ಇನ್ನು ಮುಂದೆ ಒಳ್ಳೆಯ ಹೌಸಿಂಗ್ ಸಿಗುವುದು ಗುಜರಿಯಲ್ಲಿ ಮಾತ್ರ, ಅದೂ ಅದೃಷ್ಟ ಇದ್ದರೆ. ಆದ್ದರಿಂದ ಸೌಮ್ಯವಾದ ದಾರಿಯಿಂದ ಶುರು ಮಾಡಿ, ಅದು ಫಲಿಸದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಿ. ನಾನು ಇಲ್ಲಿ ಬರೆದಿರುವುದೂ ಅದೇ ಕ್ರಮದಲ್ಲಿ.

ಮೊದಲು ಫಿಲ್ಲರ್, ಆಮೇಲೆ ಡ್ರೈನ್

ಸಾಮಾನ್ಯವಾಗಿ ಎರಡು ಪ್ಲಗ್ ಇರುತ್ತವೆ. ಆಯಿಲ್ ತುಂಬುವ ಫಿಲ್ಲರ್ ಪ್ಲಗ್ ಹೌಸಿಂಗ್‌ನ ಪಕ್ಕದಲ್ಲಿ, ಸುಮಾರು ನಡು ಎತ್ತರದಲ್ಲಿರುತ್ತದೆ. ಆಯಿಲ್ ಮಟ್ಟ ನೋಡುವುದೂ ಅದೇ ತೂತಿನಲ್ಲಿ. ಆಯಿಲ್ ಇಳಿಸುವ ಡ್ರೈನ್ ಪ್ಲಗ್ ತಳದಲ್ಲಿರುತ್ತದೆ. ಕೆಲವು ಗಾಡಿಗಳಲ್ಲಿ ಡ್ರೈನ್ ಪ್ಲಗ್ಗೇ ಇರುವುದಿಲ್ಲ.

ಯಾವಾಗಲೂ ಫಿಲ್ಲರ್ ಪ್ಲಗ್ಗನ್ನೇ ಮೊದಲು ಬಿಚ್ಚಿ. ಡ್ರೈನ್ ಬಿಚ್ಚಿ ಆಯಿಲ್ ಎಲ್ಲ ಇಳಿಸಿದ ಮೇಲೆ ಫಿಲ್ಲರ್ ಬರಲಿಲ್ಲ ಅಂದ್ರೆ ಗಾಡಿ ಅಲ್ಲೇ ನಿಂತುಬಿಡುತ್ತದೆ. ಆಯಿಲ್ ಇಲ್ಲದ ಡಿಫರೆನ್ಷಿಯಲ್ ಇಟ್ಟುಕೊಂಡು ಗ್ಯಾರೇಜ್‌ವರೆಗೂ ಓಡಿಸುವಂತಿಲ್ಲ. ಇಂಥ ಹೆಚ್ಚಿನ ಗಾಡಿಗಳಲ್ಲಿರುವುದು ಹೈಪಾಯ್ಡ್ ಬಗೆಯ ಕ್ರೌನ್ (ದೊಡ್ಡ ಗೇರ್) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರ್). ಇವುಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜೋರು ಒತ್ತಡದಲ್ಲಿ ಜಾರುತ್ತವೆ ಕೂಡ. ನಡುವೆ ಆಯಿಲ್ ಪದರ ಇಲ್ಲದಿದ್ದರೆ ಸ್ವಲ್ಪ ದೂರದಲ್ಲೇ ಹಲ್ಲುಗಳ ಮೈ ಸುಟ್ಟು ಕಿತ್ತುಹೋಗುತ್ತದೆ.

ಇನ್ನೊಂದು ಸಮಾಧಾನದ ವಿಷಯ. ಫಿಲ್ಲರ್ ಬಂದರೆ ಡ್ರೈನ್ ಪ್ಲಗ್ ಬರಲೇಬೇಕು ಅಂತಿಲ್ಲ. ದೊಡ್ಡ ಸಿರಿಂಜ್ ಅಥವಾ ಕೈಪಂಪಿಗೆ ಒಂದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಫಿಲ್ಲರ್ ತೂತಿನಿಂದ ತಳದವರೆಗೆ ಇಳಿಬಿಟ್ಟು ಹಳೆ ಆಯಿಲ್ ಎಳೆದು ತೆಗೆಯಬಹುದು. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಬಿಸಿಯಾದ ಮೇಲೆ ಎಳೆದರೆ ಸಲೀಸು. ತಳದಲ್ಲಿ ಸ್ವಲ್ಪ ಗಸಿ ಉಳಿಯುತ್ತದೆ, ನಿಜ. ಒಂದಷ್ಟು ಓಡಿಸಿದ ಮೇಲೆ ಮತ್ತೊಮ್ಮೆ ಎಳೆದು ಹೊಸದು ಹಾಕಿದರೆ ಬಹುಪಾಲು ಸ್ವಚ್ಛವಾಗುತ್ತದೆ. ಸೋರದೆ ಸುಮ್ನೆ ಕೂತಿರುವ ಡ್ರೈನ್ ಪ್ಲಗ್ ಜೊತೆ ಜಿದ್ದಿಗೆ ಬೀಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಫಿಲ್ಲರ್ ಪ್ಲಗ್ಗಿಗೆ.

ಒರೆಸಿ, ಅಳೆದು, ಆಮೇಲೆ ಕೈ ಹಾಕಿ

ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಪಿಟ್ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು, ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ಅಲುಗಾಡದೆ ನಿಂತಿರುತ್ತದೆ. ಇಲ್ಲದಿದ್ದರೆ ಜಾಕಿಯಲ್ಲಿ ಎತ್ತಿ ಸ್ಟ್ಯಾಂಡ್ ಕೊಡಿ, ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಬರೀ ಜಾಕಿಯನ್ನು ನಂಬಿ ಕೆಳಗೆ ಹೋಗಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಈ ಕೆಲಸದಲ್ಲಿ ನೀವು ಗಾಡಿಯ ಕೆಳಗೆ ಮಲಗಿ ಸುತ್ತಿಗೆಯಿಂದ ಹೊಡೆಯುತ್ತೀರಿ, ಉದ್ದದ ಪೈಪ್ ಹಾಕಿ ಎಳೆಯುತ್ತೀರಿ. ಹಾಲೋ ಬ್ಲಾಕ್ ಒಡೆಯುವ ಮುನ್ನ ಸೂಚನೆ ಕೊಡುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕಿ. ಮುಖ ಮೇಲೆ ಮಾಡಿ ಮಲಗಿದಾಗ ತುಕ್ಕಿನ ಪುಡಿ ನೇರ ಕಣ್ಣಿಗೇ ಬೀಳುತ್ತದೆ.

ಈಗ ತಂತಿ ಬ್ರಶ್ ಹಿಡಿದು ಪ್ಲಗ್ ಮತ್ತು ಅದರ ಸುತ್ತ ಎರಡು ಇಂಚು ಜಾಗ ಉಜ್ಜಿ. ಜಿಡ್ಡು, ಮಣ್ಣು, ಡಾಂಬರಿನಂಥ ಅಂಡರ್‌ಕೋಟಿಂಗ್, ಬಣ್ಣ, ಎಲ್ಲವೂ ಹೋಗಲಿ. ಪ್ಲಗ್ ಹೌಸಿಂಗ್ ಒಳಗೆ ಸೇರುವ ಸುತ್ತಿನ ಗೆರೆ ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು. ತಲೆಯಲ್ಲಿ ಒಳಗುಳಿ ಇದ್ದರೆ ಹಳೆ ಸ್ಕ್ರೂಡ್ರೈವರ್ ಅಥವಾ ಮೊಳೆಯಿಂದ ತಳದವರೆಗೂ ಕೆರೆದು ತೆಗೆಯಿರಿ. ಎಷ್ಟೋ ಪ್ಲಗ್‌ಗಳು ಹಾಳಾಗುವುದು ಗುಳಿಯಲ್ಲಿ ಅರ್ಧ ಮಣ್ಣು ತುಂಬಿ, ಕೀ ಅರ್ಧಕ್ಕೇ ಕೂತದ್ದರಿಂದ.

ಒರೆಸಿದ ಮೇಲೆ ನಿಮ್ಮದು ಯಾವ ಬಗೆ ಅಂತ ಗೊತ್ತಾಗುತ್ತದೆ. ಹೊರಗೆ ಚಾಚಿರುವ ಆರು ಮೂಲೆ ಅಥವಾ ನಾಲ್ಕು ಮೂಲೆಯ ತಲೆ ಒಂದು ಬಗೆ. ಒಳಗುಳಿ ಇರುವುದು ಇನ್ನೊಂದು. ಲ್ಯಾಂಡ್ ರೋವರ್ ಆಕ್ಸಲ್‌ಗಳಲ್ಲಿ ಅರ್ಧ ಇಂಚಿನ ಚೌಕ ಗುಳಿ. ಹಳೆ ಮರ್ಸಿಡಿಸ್ ಡಬ್ಲ್ಯು123ರಲ್ಲಿ 14 ಮಿ.ಮೀ. ಆರು ಮೂಲೆಯ ಗುಳಿ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ 17 ಮಿ.ಮೀ. ಅಂಬಾಸಿಡರ್, ಜೀಪುಗಳು ಇಷ್ಟು ವರ್ಷದಲ್ಲಿ ಹತ್ತಾರು ಕೈ ಕಂಡಿರುತ್ತವೆ. ಕಾರ್ಖಾನೆಯ ಪ್ಲಗ್ ಹೋಗಿ ಬೇರೆ ಯಾವುದೋ ಬಂದು ಕೂತಿರಬಹುದು. ಹಾಗಾಗಿ ಪುಸ್ತಕ ನೋಡಿ ಸ್ಪ್ಯಾನರ್ ತೆಗೆದುಕೊಳ್ಳಬೇಡಿ, ಕ್ಯಾಲಿಪರ್ ಇಟ್ಟು ಅಳೆಯಿರಿ.

ಅಳತೆಯ ವಿಷಯದಲ್ಲೇ ಹೆಚ್ಚಿನ ಅನಾಹುತ ಆಗಿರುವುದು. ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಇಂಗ್ಲೆಂಡಿನ ಗಾಡಿ, ಇಂಚಿನ ಲೆಕ್ಕ. ಪದ್ಮಿನಿ ಇಟಲಿಯ ಫಿಯಟ್, ಅದು ಮಿಲ್ಲಿಮೀಟರ್. ನಮ್ಮ ಟೂಲ್ ಬಾಕ್ಸ್‌ಗಳಲ್ಲಿ ಈಗ ಇರುವುದೂ ಮಿಲ್ಲಿಮೀಟರ್ ಸೆಟ್ಟೇ. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಸಡಿಲ. 11/16 ಇಂಚು 17.46 ಮಿ.ಮೀ., ಅದಕ್ಕೆ 18 ಹಾಕುತ್ತಾರೆ. 7/8 ಇಂಚು 22.2 ಮಿ.ಮೀ., ಅದಕ್ಕೆ 23. ಮಾಮೂಲಿ ಬೋಲ್ಟ್‌ಗಳಲ್ಲಿ ಇದು ನಡೆದುಹೋಗುತ್ತದೆ. ಕಚ್ಚಿಕೊಂಡ ಪ್ಲಗ್‌ನಲ್ಲಿ ನಡೆಯುವುದಿಲ್ಲ, ಜೋರು ಹಾಕಿದ ಕೂಡಲೇ ಮೂಲೆ ಹಾರುತ್ತದೆ. ಇದರಲ್ಲಿ 3/4 ಇಂಚು ಮಾತ್ರ ಪುಣ್ಯಕ್ಕೆ 19.05 ಮಿ.ಮೀ., ಹಾಗಾಗಿ 19ರ ಸಾಕೆಟ್ ಬಿಗಿಯಾಗಿಯೇ ಕೂರುತ್ತದೆ.

ನೆನೆಯಲು ಬಿಡಿ

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಇಲ್ಲಿ ಆತುರಗಾರನಿಗೆ ಪ್ಲಗ್ಗೂ ಮಟ್ಟಸವಾಗಿ ಸವೆದುಹೋಗುತ್ತದೆ. ತುಕ್ಕು ಸಡಿಲಿಸುವ ಪೆನೆಟ್ರೇಟಿಂಗ್ ಆಯಿಲನ್ನು ಆ ಸುತ್ತಿನ ಗೆರೆಗೆ ಬಿಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎರಡು ದಿನ. ಪ್ರತಿ ಸಲ ಬಿಟ್ಟ ಮೇಲೆ ಪ್ಲಗ್‌ನ ತಲೆಗೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ನೇರವಾಗಿ ಬಡಿಯಿರಿ. ಆ ಅದುರು ಆಯಿಲನ್ನು ಥ್ರೆಡ್ ಒಳಗೆ ಎಳೆದುಕೊಳ್ಳುತ್ತದೆ. ಸೀಮೆಎಣ್ಣೆ, ಡೀಸೆಲ್ ಬಿಡುವ ಹಳೆ ರೂಢಿ ಇದೆ. ಏನೂ ಇಲ್ಲದಿದ್ದರೆ ಅದಾದರೂ ಆಗಲಿ, ಆದರೆ ನಿಧಾನ. ಕೆಲವರು ಅಸಿಟೋನ್ ಮತ್ತು ಪವರ್ ಸ್ಟೀರಿಂಗ್ ಆಯಿಲ್ ಸಮಸಮ ಬೆರೆಸಿ ಬಿಡುತ್ತಾರೆ. ಚೆನ್ನಾಗಿ ಇಳಿಯುತ್ತದೆ, ಆದರೆ ಎರಡೂ ಬೇಗ ಬೇರೆಯಾಗುವುದರಿಂದ ಪ್ರತಿ ಸಲ ಕುಲುಕಬೇಕು. ಬೆಂಕಿ ಹತ್ತಿರ ಬರಲೇಬಾರದು.

ಮಂಗಳೂರು, ಕಾರವಾರದ ಕಡೆಯ ಗಾಡಿಗಳಲ್ಲಿ ಉಪ್ಪುಗಾಳಿಯಿಂದ ತುಕ್ಕು ಥ್ರೆಡ್ ಒಳಗೂ ಇಳಿದಿರುತ್ತದೆ. ಅಂಥವಕ್ಕೆ ಇನ್ನೂ ಒಂದೆರಡು ದಿನ ಜಾಸ್ತಿ ಕೊಡಿ.

ಮೊದಲ ಪಟ್ಟು: ಸರಿಯಾದ ಸಾಕೆಟ್

ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಇಲ್ಲಿ ಬೇಡ. ಅದು ಮೂಲೆಯ ತುದಿಯನ್ನು ಮಾತ್ರ ಹಿಡಿಯುತ್ತದೆ. ಆರು ಮೂಲೆಯ ಸಾಕೆಟ್ ಪ್ಲಗ್‌ನ ಚಪ್ಪಟೆ ಮೈಯನ್ನು ಒತ್ತುತ್ತದೆ. ಸಾಕೆಟ್‌ನ ಬಾಯಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಅಂಚಿನಲ್ಲಿ ಒಳಕ್ಕೆ ಇಳಿಜಾರು ಮಾಡಿರುತ್ತಾರೆ, ಬೋಲ್ಟ್ ಮೇಲೆ ಸುಲಭವಾಗಿ ಕೂರಲಿ ಅಂತ. ಪ್ಲಗ್‌ನ ತಲೆ ಮೊದಲೇ ತೆಳ್ಳಗಿರುತ್ತದೆ. ಅದರಲ್ಲಿ ಎರಡು ಮಿ.ಮೀ. ಈ ಇಳಿಜಾರಿಗೇ ಹೋದರೆ ಹಿಡಿತಕ್ಕೆ ಏನು ಉಳಿಯುತ್ತದೆ? ಹಳೆ ಸಾಕೆಟ್ ಒಂದರ ಬಾಯಿಯನ್ನು ಗ್ರೈಂಡರ್‌ನಲ್ಲಿ ಚಪ್ಪಟೆಯಾಗಿ ಸವೆಸಿ, ಇಳಿಜಾರು ಪೂರ್ತಿ ಹೋಗುವಂತೆ ಮಾಡಿ. ಇಷ್ಟರಿಂದಲೇ ಅರ್ಧ ಸವೆದ ಪ್ಲಗ್ ಬಿಚ್ಚಿಕೊಳ್ಳುವುದುಂಟು. ಹೀಗೆ ಸವೆಸಿದ ಸಾಕೆಟ್ ಪೆಟ್ಟಿಗೆಯಲ್ಲಿ ಶಾಶ್ವತವಾಗಿ ಇರಲಿ.

ಲ್ಯಾಂಡ್ ರೋವರ್‌ನಂಥ ಚೌಕ ಗುಳಿಗೆ ರ‍್ಯಾಚೆಟ್‌ನ ಮೂತಿಯನ್ನೇ ತುರುಕುವ ಅಭ್ಯಾಸ ಬಿಡಿ. ಅದರ ಮೂಲೆಗಳು ದುಂಡಗಿರುತ್ತವೆ, ಗುಳಿಯಲ್ಲಿ ಆಡುತ್ತದೆ. ಗಟ್ಟಿ ಉಕ್ಕಿನ ಡ್ರೈನ್ ಪ್ಲಗ್ ಕೀ ಪ್ರತ್ಯೇಕವಾಗಿ ಸಿಗುತ್ತದೆ. ಸಿಗದಿದ್ದರೆ ಚೌಕ ಉಕ್ಕಿನ ತುಂಡೊಂದನ್ನು ಅರದಲ್ಲಿ ಉಜ್ಜಿ ಬಿಗಿಯಾಗಿ ಕೂರುವಂತೆ ಮಾಡಿಕೊಳ್ಳಿ.

ಬಲ ಹಾಕುವ ಮೊದಲು ದಿಕ್ಕು ನೋಡಿಕೊಳ್ಳಿ. ಪ್ಲಗ್‌ನ ಮುಖಕ್ಕೆ ಎದುರಾಗಿ ನಿಂತು ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಕೆಳಗೆ ಅಂಗಾತ ಮಲಗಿ ಕೈ ಚಾಚಿದಾಗ ಇದು ತಲೆಕೆಳಗಾಗಿ ಕಾಣುತ್ತದೆ. ಎಷ್ಟೋ ಪ್ಲಗ್‌ಗಳನ್ನು ಬಿಚ್ಚುವ ಬದಲು ಬಿಗಿ ಮಾಡಿರುತ್ತಾರೆ. ಹೌಸಿಂಗ್ ಮೇಲೆ ಚಾಕ್‌ಪೀಸಿನಲ್ಲಿ ಒಂದು ಬಾಣ ಬರೆದುಬಿಡಿ.

ಈಗ ಸಾಕೆಟ್ ಕೂರಿಸಿ, ಒಂದು ಕೈಯಲ್ಲಿ ಪ್ಲಗ್ ಕಡೆಗೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೊದಲು ಬಿಗಿ ಮಾಡುವ ಕಡೆಗೆ ಒಂದು ಸಣ್ಣ ಜಗ್ಗು ಕೊಡಿ. ಸರಿಯಾಗಿ ಓದಿದಿರಿ, ಬಿಗಿ ಮಾಡುವ ಕಡೆಗೇ. ತುಕ್ಕಿನ ಹಿಡಿತ ಒಮ್ಮೆ ಮುರಿದರೆ ಎರಡೂ ಕಡೆಗೆ ಸಡಿಲ ಆಗುತ್ತದೆ. ಆಮೇಲೆ ಬಿಚ್ಚುವ ಕಡೆಗೆ ನಿಧಾನವಾಗಿ ಭಾರ ಹಾಕಿ. ಉದ್ದದ ಹಿಡಿ ಇರಲಿ, ಆದರೆ ಎಳೆತ ಮಾತ್ರ ಸಮವಾಗಿರಲಿ. ಪ್ಲಗ್ ಬಿಟ್ಟುಕೊಡುವಾಗ ಒಣ ಕೊಂಬೆ ಮುರಿದಂತೆ ಫಟ್ ಅನ್ನುವ ಸದ್ದು ಬರುತ್ತದೆ. ಸುತ್ತಿನ ಗೆರೆಯಲ್ಲಿ ಕೆಂಪು ಪುಡಿಯ ಒಂದು ಉಂಗುರ ಒಡೆದು ಕಾಣಿಸುತ್ತದೆ. ಸದ್ದಿಲ್ಲದೆ, ಮೆತ್ತಗೆ ತಿರುಗಿದಂತೆ ಅನಿಸಿದರೆ ತಕ್ಷಣ ನಿಲ್ಲಿಸಿ. ತಿರುಗುತ್ತಿರುವುದು ಪ್ಲಗ್ ಅಲ್ಲ, ಅದರ ಮೂಲೆ.

ಮೂಲೆ ಪೂರ್ತಿ ಹೋಗಿದ್ದರೆ

ಹೊರಗೆ ಚಾಚಿದ ತಲೆಯಾದರೆ ಒಂದು ಅಳತೆ ಚಿಕ್ಕ ಸಾಕೆಟ್ ಬಡಿದು ಕೂರಿಸುವುದು ಒಳ್ಳೆಯ ಉಪಾಯ. ಇಂಚು-ಮಿಲ್ಲಿಮೀಟರ್ ಗೊಂದಲ ಈಗ ನಮ್ಮ ಸಹಾಯಕ್ಕೇ ಬರುತ್ತದೆ. ಸವೆದ ಅರ್ಧ ಇಂಚಿನ ತಲೆಗೆ 12 ಮಿ.ಮೀ. ಸಾಕೆಟ್, 9/16 ಇಂಚಿನ ತಲೆಗೆ 14 ಮಿ.ಮೀ. ಸಾಕೆಟ್ ಸುತ್ತಿಗೆಯಲ್ಲಿ ಹೊಡೆದರೆ ಕಚ್ಚಿ ಕೂರುತ್ತವೆ. ಹಾಗೆ ಹೊಂದದಿದ್ದರೆ ತಲೆಯ ಎದುರುಬದುರು ಮೈಗಳನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಮುಂದಿನ ಚಿಕ್ಕ ಅಳತೆಗೆ ತನ್ನಿ. ಸಮಯ ಹಿಡಿಯುತ್ತದೆ, ಆದರೆ ಹೌಸಿಂಗ್‌ಗೆ ಯಾವ ಅಪಾಯವೂ ಇಲ್ಲ. ಒಳಗೆ ಸುರುಳಿ ಹಲ್ಲಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್‌ಗಳೂ ಈಗ ಸಿಗುತ್ತವೆ. ಬಿಚ್ಚುವ ಕಡೆಗೆ ತಿರುಗಿಸಿದಷ್ಟೂ ಅವು ಗಟ್ಟಿಯಾಗಿ ಕಚ್ಚುತ್ತವೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಹತ್ತಿರವೇ ಇದೆ, ಅಲ್ಲಿ ವಿಚಾರಿಸಿ.

ತಲೆ ಅರ್ಧ ಇಂಚಿಗಿಂತ ಜಾಸ್ತಿ ಹೊರಗಿದ್ದರೆ ಪ್ಲಂಬರ್‌ಗಳ ಪೈಪ್ ವ್ರೆಂಚ್ ಅತ್ಯುತ್ತಮ. ಎಳೆದಷ್ಟೂ ಅದರ ದವಡೆ ಬಿಗಿಯಾಗುತ್ತದೆ. ತಲೆ ಗಿಡ್ಡವಾಗಿದ್ದರೆ ಅದು ಜಾರಿ ನಿಮ್ಮ ಕೈಗೇ ಪೆಟ್ಟು.

ಒಳಗುಳಿಯ ಪ್ಲಗ್‌ಗೆ ದಾರಿ ಬೇರೆ. ಗುಳಿಗಿಂತ ಸ್ವಲ್ಪ ದೊಡ್ಡದಾದ ನಕ್ಷತ್ರಾಕಾರದ ಟಾರ್ಕ್ಸ್ ಬಿಟ್ ತೆಗೆದುಕೊಂಡು ಸುತ್ತಿಗೆಯಿಂದ ಹೊಡೆದು ಇಳಿಸಿ. ಅದರ ಚೂಪು ಏಣುಗಳು ಸವೆದ ಗೋಡೆಯಲ್ಲಿ ಹೊಸ ಗೀರು ಕೊರೆದುಕೊಂಡು ಕೂರುತ್ತವೆ. ಹಾಗೆ ಹೊಡೆಯುವ ಪೆಟ್ಟೇ ತುಕ್ಕನ್ನೂ ಸಡಿಲಿಸುತ್ತದೆ. ಹೌಸಿಂಗ್ ಬೀಡಿನದೋ ಅಲ್ಯೂಮಿನಿಯಂದೋ ಆಗಿದ್ದರೆ ಮಾತ್ರ ಪೆಟ್ಟು ಹಗುರವಾಗಿರಲಿ.

ಇನ್ನೊಂದು ಹಳೆಯ ದಾರಿ ಚಾಣ. ಪ್ಲಗ್‌ನ ಹೊರ ಅಂಚಿನಲ್ಲಿ ಚಾಣವನ್ನು ನೇರ ಹಿಡಿದು ಒಂದು ಕಚ್ಚು ಮಾಡಿ. ಆಮೇಲೆ ಅದೇ ಕಚ್ಚಿನಲ್ಲಿ ಚಾಣವನ್ನು ಓರೆ ಮಾಡಿ, ಬಿಚ್ಚುವ ದಿಕ್ಕಿಗೆ ಹೊಡೆಯಿರಿ. ಹಿತ್ತಾಳೆ ಪ್ಲಗ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಚಾಣ ಜಾರಿ ಹೌಸಿಂಗ್‌ನ ಬಾಯಿ ಮೇಲೆ ಬಿದ್ದರೆ ಮುಂದೆ ಆಯಿಲ್ ಅಲ್ಲೇ ಜಿನುಗುತ್ತದೆ. ಕೈ ಪಳಗಿಲ್ಲದವರು ಇದನ್ನು ಬಿಟ್ಟು ಮುಂದಿನದಕ್ಕೆ ಹೋಗುವುದು ಒಳ್ಳೆಯದು.

ಬಿಸಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನಂಬಿಕಸ್ಥ ದಾರಿ. ಮೇಲಿನ ಯಾವ ಪಟ್ಟಿಗಾದರೂ ಇದನ್ನು ಜೊತೆ ಮಾಡಿಕೊಳ್ಳಬಹುದು.

ಕಾಯಿಸಬೇಕಾದ್ದು ಪ್ಲಗ್ಗನ್ನಲ್ಲ, ಅದರ ಸುತ್ತಲಿನ ಹೌಸಿಂಗನ್ನು. ಉಕ್ಕು 100 ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. 20 ಮಿ.ಮೀ. ತೂತಿನ ಲೆಕ್ಕದಲ್ಲಿ ಅದು 0.024 ಮಿ.ಮೀ. ಕೂದಲೆಳೆಗಿಂತ ತೆಳು. ಆದರೂ ತುಕ್ಕಿನ ಹಿಡಿತ ಬಿರುಕು ಬಿಡಲು ಅಷ್ಟೇ ಸಾಕು. ಅಲ್ಯೂಮಿನಿಯಂ ಹೌಸಿಂಗ್ ಆದರೆ ಹಿಗ್ಗುವುದು ಹೆಚ್ಚುಕಡಿಮೆ ಎರಡು ಪಟ್ಟು, ಕೆಲಸ ಇನ್ನೂ ಸುಲಭ.

ಹಾಟ್ ಏರ್ ಗನ್ ಇದ್ದರೆ ಅದನ್ನೇ ಬಳಸಿ. ಬೆಂಕಿಯ ಜ್ವಾಲೆಗಿಂತ ನಿಧಾನ, ಆದರೆ ಸುರಕ್ಷಿತ. ಐದಾರು ನಿಮಿಷ ಸುತ್ತ ಆಡಿಸುತ್ತಾ ಕಾಯಿಸಿ. ನೀರಿನ ಹನಿ ಬಿಟ್ಟರೆ ಚುಯ್ ಅನ್ನಬೇಕು. ಈಗ ಮಾಮೂಲಿ ಮೇಣದಬತ್ತಿಯನ್ನು ಆ ಸುತ್ತಿನ ಗೆರೆಗೆ ಒತ್ತಿ ಹಿಡಿಯಿರಿ. ಮೇಣ ಕರಗಿ ನೀರಾಗಿ ಥ್ರೆಡ್ ಒಳಗೆ ತಾನೇ ಇಳಿದುಹೋಗುತ್ತದೆ. ಸ್ವಲ್ಪ ಬಿಟ್ಟು ಸಾಕೆಟ್ ಹಾಕಿ ಜಗ್ಗಿ. ಬರಲಿಲ್ಲ ಅಂದ್ರೆ ಪೂರ್ತಿ ತಣಿಯಲು ಬಿಟ್ಟು ಮತ್ತೆ ಕಾಯಿಸಿ. ಹಿಗ್ಗಿ ಕುಗ್ಗುವ ಒಂದೊಂದು ಸುತ್ತೂ ತುಕ್ಕನ್ನು ಇನ್ನಷ್ಟು ಸಡಿಲಿಸುತ್ತದೆ.

ಗ್ಯಾಸ್ ಟಾರ್ಚ್ ಬಳಸುವುದಾದರೆ ಕೆಲವು ವಿಷಯಗಳಲ್ಲಿ ರಾಜಿ ಬೇಡ. ಪೆಟ್ರೋಲ್ ಟ್ಯಾಂಕ್ ಹಲವು ಗಾಡಿಗಳಲ್ಲಿ ಹಿಂಭಾಗದಲ್ಲೇ ಇರುತ್ತದೆ. ಅದರ ಕೊಳವೆ ಎಲ್ಲಿ ಹಾದುಹೋಗುತ್ತದೆ ನೋಡಿಕೊಳ್ಳಿ. ಆಕ್ಸಲ್ ಮೇಲೆಯೇ ಬ್ರೇಕ್ ಪೈಪ್ ಮತ್ತು ರಬ್ಬರ್ ಹೋಸ್ ಇರುತ್ತವೆ. ಬ್ರೇಕ್ ಫ್ಲೂಯಿಡ್‌ಗೂ ಬೆಂಕಿ ಹತ್ತುತ್ತದೆ. ಪಿನಿಯನ್‌ನ ರಬ್ಬರ್ ಸೀಲ್ 100 ಡಿಗ್ರಿ ದಾಟಿದರೆ ಗಟ್ಟಿಯಾಗಿ ಹಾಳಾಗುವ ಹಂತಕ್ಕೆ ಬರುತ್ತದೆ, ಆ ಕಡೆಗೆ ಬಿಸಿ ಹೋಗದಂತೆ ಒದ್ದೆ ಬಟ್ಟೆ ಸುತ್ತಿ. ನೆನೆಯಲು ಬಿಟ್ಟ ಪೆನೆಟ್ರೇಟಿಂಗ್ ಆಯಿಲನ್ನು ಚೆನ್ನಾಗಿ ಒರೆಸಿ ಆರಿಸಿದ ಮೇಲೆ ಮಾತ್ರ ಜ್ವಾಲೆ ಹತ್ತಿಸಿ. ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್, ಜೊತೆಗೆ ಇನ್ನೊಬ್ಬರು ಇರಲಿ.

ಇದನ್ನು ದಯವಿಟ್ಟು ಮರೆಯಬೇಡಿ: ಕಾಯಿಸುವ ಅಥವಾ ವೆಲ್ಡ್ ಮಾಡುವ ಜಾಗವನ್ನು ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತೊಳೆಯಬೇಡಿ. ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದಕ್ಕೆ ಜ್ವಾಲೆ ಅಥವಾ ವೆಲ್ಡಿಂಗ್ ಕಿಡಿ ತಗುಲಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪವೇ ಉಸಿರಾಡಿದರೂ ಜೀವಕ್ಕೆ ಅಪಾಯ. ಬೀಟಲ್ ಇಟ್ಟುಕೊಂಡವರಿಗೆ ಇನ್ನೊಂದು ಎಚ್ಚರಿಕೆ. ಅದರ ಗೇರ್‌ಬಾಕ್ಸ್ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಅಲ್ಲಿ ಜ್ವಾಲೆ ಬೇಡವೇ ಬೇಡ.

ನಟ್ ವೆಲ್ಡ್ ಮಾಡಿ ತೆಗೆಯುವುದು

ಹಿಡಿಯಲು ಏನೂ ಉಳಿದಿಲ್ಲ ಅನ್ನುವ ಹಂತಕ್ಕೆ ಬಂದರೆ ಒಳ್ಳೆಯ ವೆಲ್ಡರ್ ಒಬ್ಬರನ್ನು ಕರೆಸಿ. ಪ್ಲಗ್‌ನ ಮೇಲೆ ಹೊಂದುವ ದೊಡ್ಡ ಉಕ್ಕಿನ ನಟ್ ಇಟ್ಟು, ಅದರ ತೂತಿನೊಳಗಿಂದ ಪ್ಲಗ್‌ಗೆ ವೆಲ್ಡ್ ತುಂಬುತ್ತಾರೆ. ಸತು ಲೇಪದ ನಟ್ ಬೇಡ, ಅದರ ಹೊಗೆ ಕೆಟ್ಟದ್ದು. ವೆಲ್ಡ್ ಎರಡು ಕೆಲಸ ಮಾಡುತ್ತದೆ. ಹೊಸ ತಲೆ ಸಿಗುತ್ತದೆ. ಜೊತೆಗೆ ಪ್ಲಗ್ ಕೆಂಪಗೆ ಕಾದು ಹಿಗ್ಗಿ, ತೂತಿನ ಗೋಡೆಗೆ ಒತ್ತಿ, ತಣಿಯುವಾಗ ಕುಗ್ಗಿ ತುಕ್ಕಿನಿಂದ ಬಿಡಿಸಿಕೊಳ್ಳುತ್ತದೆ. ಒಂದೆರಡು ನಿಮಿಷ ತಣಿದ ಮೇಲೆ, ಇನ್ನೂ ಬೆಚ್ಚಗಿರುವಾಗಲೇ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ.

ವೆಲ್ಡರ್‌ಗೆ ಮೊದಲೇ ಎರಡು ಮಾತು ಹೇಳಿ. ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಡಬೇಕು. ಅರ್ತ್ ಕ್ಲ್ಯಾಂಪನ್ನು ಪ್ಲಗ್‌ಗೆ ಹತ್ತಿರ, ಹೌಸಿಂಗ್ ಮೇಲೆಯೇ, ಬಣ್ಣ ಕೆರೆದ ಜಾಗದಲ್ಲಿ ಹಾಕಬೇಕು. ಚಕ್ರದ ಡ್ರಮ್‌ಗೋ, ಎಂಜಿನ್‌ನ ಬಲವನ್ನು ಹಿಂದಕ್ಕೆ ತರುವ ಪ್ರೊಪೆಲ್ಲರ್ ಶಾಫ್ಟ್‌ಗೋ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾಯುತ್ತದೆ. ಬೇರಿಂಗ್‌ನ ನುಣುಪು ಮೈಯಲ್ಲಿ ಕಿಡಿಯ ಕಲೆಗಳು ಬಿದ್ದು, ಮುಂದೆ ಅದೇ ಗುಂಯ್‌ಗುಡಲು ಶುರುವಾಗುತ್ತದೆ. ಡ್ರೈನ್ ಪ್ಲಗ್‌ಗೆ ವೆಲ್ಡ್ ಮಾಡುವುದಾದರೆ ಅದರ ಹಿಂದೆಯೇ ಆಯಿಲ್ ನಿಂತಿರುತ್ತದೆ. ಮೊದಲು ಫಿಲ್ಲರ್ ಮೂಲಕ ಎಳೆದು ಖಾಲಿ ಮಾಡಿ, ಫಿಲ್ಲರ್ ತೂತು ತೆರೆದೇ ಇರಲಿ. ಹಿತ್ತಾಳೆ ಪ್ಲಗ್‌ಗೆ ಈ ದಾರಿ ಆಗುವುದಿಲ್ಲ.

ಕೊನೆಗೆ ಡ್ರಿಲ್

ವೆಲ್ಡ್ ಕೂಡ ಹಿಡಿಯಲಿಲ್ಲ ಅಂದರೆ ಮಾತ್ರ ಇದು. ಸರಿಯಾಗಿ ನಡುವಿಗೆ ಪಂಚ್ ಹೊಡೆದು ಚಿಕ್ಕ ಬಿಟ್‌ನಿಂದ ಶುರು ಮಾಡಿ. ಎಡಗೈ ಡ್ರಿಲ್ ಬಿಟ್ ಅಂತ ಸಿಗುತ್ತದೆ, ಅದು ಬಿಚ್ಚುವ ದಿಕ್ಕಿಗೇ ತಿರುಗಿ ಕೊರೆಯುತ್ತದೆ. ಕೊರೆಯುತ್ತಿರುವಾಗಲೇ ಪ್ಲಗ್ ತಿರುಗಿ ಬಂದರೂ ಬರಬಹುದು. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ, ಪ್ಲಗ್ ಹಿಂದೆ ಕ್ರೌನ್ ವೀಲ್ ಹತ್ತಿರದಲ್ಲೇ ಇರಬಹುದು. ಬಿಟ್‌ಗೆ ದಪ್ಪಗೆ ಗ್ರೀಸ್ ಹಚ್ಚಿ, ಆಗಾಗ ಹೊರತೆಗೆದು ಒರೆಸಿ. ಕಬ್ಬಿಣದ ಪುಡಿ ಆ ಗ್ರೀಸಿಗೆ ಅಂಟಿಕೊಂಡು ಹೊರಗೇ ಬರುತ್ತದೆ.

ಸಣ್ಣ ಈಜಿ ಔಟ್ (ಕೊರೆದ ತೂತಿಗೆ ಕಚ್ಚಿಸಿ ಬಿಚ್ಚುವ, ಉಲ್ಟಾ ಸುರುಳಿಯ ಕಡ್ಡಿ) ಹಾಕಿ ಬಲವಾಗಿ ತಿರುಗಿಸಬೇಡಿ. ಅದು ತುಂಬಾ ಗಟ್ಟಿ ಉಕ್ಕು, ಪಟ್ಟಂತ ಮುರಿಯುತ್ತದೆ. ಮುರಿದ ತುಂಡನ್ನು ಮಾಮೂಲಿ ಡ್ರಿಲ್ ಕೊರೆಯುವುದೇ ಇಲ್ಲ. ಅದಕ್ಕಿಂತ ತೂತನ್ನು ಥ್ರೆಡ್‌ಗೆ ಸ್ವಲ್ಪ ಮೊದಲಿನವರೆಗೂ ದೊಡ್ಡದು ಮಾಡಿ, ಹ್ಯಾಕ್ಸಾ ಬ್ಲೇಡ್ ತುಂಡಿನಿಂದ ಒಳಗಿಂದ ಎರಡು ಕಡೆ ಸೀಳಿ, ಸಣ್ಣ ಚಾಣದಿಂದ ಒಳಕ್ಕೆ ಮಡಚಿ ತೆಗೆಯುವುದು ಲೇಸು. ಬೇಸರದ ಕೆಲಸವೇ, ಆದರೆ ಹೌಸಿಂಗ್ ಥ್ರೆಡ್ ಉಳಿಯುತ್ತದೆ. ಆಮೇಲೆ ಮ್ಯಾಗ್ನೆಟ್ ಕಡ್ಡಿ ಆಡಿಸಿ, ಒಳಗೆ ಡೀಸೆಲ್ ಬಿಟ್ಟು ತೊಳೆದು, ಪೂರ್ತಿ ಹೊರತೆಗೆಯಿರಿ. ತುಂಬಾ ಪುಡಿ ಒಳಗೆ ಬಿದ್ದಿದೆ ಅನ್ನುವ ಅನುಮಾನ ಇದ್ದರೆ ಡಿಫರೆನ್ಷಿಯಲ್ ಇಳಿಸುವುದೇ ಸರಿ. ಅಂಬಾಸಿಡರ್‌ನಲ್ಲಿ ಹಿಂದಿನ ಶಾಫ್ಟ್‌ಗಳನ್ನು ಎಳೆದು, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೆ ಗುಂಡು, ಅಂದರೆ ಗೇರುಗಳ ಇಡೀ ಜೋಡಣೆ, ಮುಂದಿನಿಂದ ಹೊರಗೆ ಬರುತ್ತದೆ.

ಹೊಸ ಪ್ಲಗ್ ಹಾಕುವಾಗ

ಮತ್ತೆ ಇದೇ ಗೋಳು ಬರಬಾರದಲ್ವಾ? ಹಾಗಾದರೆ ಹಾರ್ಡ್‌ವೇರ್ ಅಂಗಡಿಯ ಜಿಐ ಪ್ಲಗ್ ತಂದು ತಿರುಗಿಸುವ ಮೊದಲು ಥ್ರೆಡ್ ನೋಡಿ. ನಮ್ಮ ಅಂಗಡಿಗಳ ಪೈಪ್ ಫಿಟಿಂಗ್‌ಗಳಲ್ಲಿ ಇರುವುದು ಬ್ರಿಟಿಷ್ ಪೈಪ್ ಥ್ರೆಡ್, 55 ಡಿಗ್ರಿ ಕೋನದ್ದು. ಜೀಪಿನ ಅಮೆರಿಕನ್ ಆಕ್ಸಲ್‌ಗಳಲ್ಲಿ ಎನ್‌ಪಿಟಿ ಎಂಬ ಅಮೆರಿಕದ ಪೈಪ್ ಥ್ರೆಡ್, 60 ಡಿಗ್ರಿ. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ಅಳತೆಯಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಒಂದು ಇನ್ನೊಂದರಲ್ಲಿ ಎರಡು ಮೂರು ಸುತ್ತು ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ, ಸರಿಯಾಗಿ ಕೂತಿದೆ ಅಂದುಕೊಂಡು ಪೈಪ್ ಹಾಕಿ ಎಳೆಯುತ್ತಾರೆ. ಥ್ರೆಡ್ ಜಜ್ಜಿ ಸೇರಿಕೊಳ್ಳುತ್ತದೆ. ಜೀಪುಗಳಲ್ಲಿ ಬಾರದೇ ಕೂತ ಪ್ಲಗ್‌ಗಳ ಹಿಂದೆ ಈ ಕಥೆ ಇರುವುದುಂಟು. ಥ್ರೆಡ್ ಗೇಜ್ ಇಟ್ಟು ನೋಡಿ, ಇಲ್ಲವೇ ಹಳೇ ಪ್ಲಗ್ಗನ್ನೇ ಲೇತ್‌ನವರಿಗೆ ಕೊಡಿ.

ಹೌಸಿಂಗ್ ಥ್ರೆಡ್ಡನ್ನು ಅದೇ ಅಳತೆಯ ಟ್ಯಾಪ್‌ಗೆ (ಥ್ರೆಡ್ ಕೊರೆಯುವ ಉಪಕರಣ) ಗ್ರೀಸ್ ಹಚ್ಚಿ ಕೈಯಲ್ಲೇ ಒಮ್ಮೆ ಓಡಿಸಿ ಶುಚಿ ಮಾಡಿ. ಹೊಸ ಪ್ಲಗ್ ಹೊರಗೆ ಎತ್ತರವಾಗಿ ಚಾಚಿದ ಆರು ಮೂಲೆ ತಲೆಯದ್ದಿರಲಿ. ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಇನ್ನೂ ಒಳ್ಳೆಯದು. ತುದಿಯ ಕಡೆಗೆ ಸಪೂರವಾಗುವ ಓರೆ ಥ್ರೆಡ್ ಆದರೆ ಎರಡು ಸುತ್ತು ಟೆಫ್ಲಾನ್ ಟೇಪ್ ಸಾಕು. ಅದು ಬೆಣೆಯ ಹಾಗೆ ಬಿಗಿಯುವುದರಿಂದ ಜಾಸ್ತಿ ಬಲ ಬೇಕಾಗಿಲ್ಲ. ನೇರ ಥ್ರೆಡ್ ಆದರೆ ಹೊಸ ತಾಮ್ರದ ವಾಷರ್ ಹಾಕಿ, ಥ್ರೆಡ್‌ಗೆ ಚೂರು ಕಾಪರ್ ಗ್ರೀಸ್ ಹಚ್ಚಿ. ಬಿಗಿ ಮಾಡಲು ಮಾಮೂಲಿ ಉದ್ದದ ಸ್ಪ್ಯಾನರ್ ಸಾಕು, ಪೈಪ್ ಬೇಡ.

ಹೊರಬಂದ ಆಯಿಲ್ ನೋಡಿ. ಬೂದು ಬಣ್ಣದ ನುಣ್ಣನೆ ಗಸಿ ಇದ್ದರೆ ಅದು ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರು ಅಥವಾ ಹಲ್ಲಿನ ತುಂಡು ಸಿಕ್ಕರೆ ಬಿಚ್ಚಿ ನೋಡಲೇಬೇಕು. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ.

ಹೊಸದು ಇಪಿ (ಎಕ್ಸ್‌ಟ್ರೀಮ್ ಪ್ರೆಷರ್, ಅಂದರೆ ಜೋರು ಒತ್ತಡ ತಡೆಯುವ) 90 ಹೈಪಾಯ್ಡ್ ಗೇರ್ ಆಯಿಲ್. ಅಂಗಡಿಯಲ್ಲಿ ನೈಂಟಿ ಆಯಿಲ್ ಅಂದರೆ ಕೊಡುತ್ತಾರೆ, ಆದರೆ ಡಬ್ಬಿಯ ಮೇಲೆ ಇಪಿ ಅಥವಾ ಹೈಪಾಯ್ಡ್ ಅಂತ ಇದೆಯಾ ಓದಿ. ದಪ್ಪಗಿರುವುದರಿಂದ ಡಬ್ಬಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಕೈಪಂಪಿನಲ್ಲಿ ಹಾಕಿ. ಗಾಡಿ ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ತೂತಿನ ಅಂಚಿನಿಂದ ಹೊರಗೆ ತುಳುಕುವವರೆಗೆ ತುಂಬಿ. ಹೆಚ್ಚಿನದು ಸುರಿದು ನಿಂತ ಮೇಲೆ ಪ್ಲಗ್ ಹಾಕಿ.

ಕೊನೆಗೆ ಆಕ್ಸಲ್ ಮೇಲಿರುವ ಸಣ್ಣ ಬ್ರೀದರನ್ನು ತಪ್ಪದೆ ಬಿಚ್ಚಿ ಪೆಟ್ರೋಲ್‌ನಲ್ಲಿ ತೊಳೆದು, ಊದಿ ನೋಡಿ. ಅದು ಮಣ್ಣು ಕಟ್ಟಿ ಮುಚ್ಚಿದ್ದರೆ ಗಾಡಿ ಓಡಿ ಬಿಸಿಯಾದಾಗ ಒಳಗಿನ ಗಾಳಿಗೆ ಹೋಗಲು ದಾರಿ ಇರುವುದಿಲ್ಲ. ಒತ್ತಡಕ್ಕೆ ಹೊಸ ಆಯಿಲ್ ಸೀಲ್ ದಾಟಿ ಹಿಂದಿನ ಬ್ರೇಕ್ ಶೂಗಳ ಮೇಲೆ ಬರುತ್ತದೆ. ಒಂದು ಸುತ್ತು ಓಡಿಸಿಕೊಂಡು ಬಂದು, ಪ್ಲಗ್ ಸುತ್ತ ಒಣ ಬಟ್ಟೆಯಿಂದ ಒರೆಸಿ, ಮರುದಿನ ಬೆಳಿಗ್ಗೆ ಮತ್ತೆ ಕೈಯಾಡಿಸಿ ನೋಡಿ. ಇಳಿಸಿದ ಹಳೆ ಆಯಿಲನ್ನು ಚರಂಡಿಗೆ ಚೆಲ್ಲದೆ ಡಬ್ಬಿಗೆ ತುಂಬಿ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.